ಬರೆಯುವುದೊಂದು, ನುಡಿಯುವುದೊಂದು: ಇಂಗ್ಲಿಷ್ ಪದಗಳ ಉಚ್ಚಾರ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಥಮ ವರ್ಷದ ಬಿ.ಎಸ್‌ಸಿ. ತರಗತಿಯಲ್ಲಿ ಹಳ್ಳಿಯ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಯೊಬ್ಬನಿದ್ದನು. ಪ್ರತಿ ಪಾಠದ ಕೊನೆಯಲ್ಲಿಯೂ ಎದ್ದುನಿಂತು ಒಂದೆರಡು ಒಳ್ಳೆಯ ಪ್ರಶ್ನೆಗಳನ್ನು ಕೇಳುವುದು ಅವನ ವಾಡಿಕೆ. ಒಂದು ದಿನ ಅನಿಲಗಳ ಒತ್ತಡವನ್ನು ಅಳೆಯುವ ಉಪಕರಣದ ವಿಷಯ ಬಂದಿತು. ಪುಸ್ತಕದ ಒಂದು ಭಾಗವನ್ನು ಗಟ್ಟಿಯಾಗಿ ಓದುವಂತೆ ಅವನಿಗೆ ಹೇಳಿದೆವು. ಆ ಉಪಕರಣಕ್ಕೆ ಇಂಗ್ಲಿಷಿನಲ್ಲಿ ‘ಗೇಜ್’ ಎಂದು ಹೆಸರು. ಅದರ ಕಾಗುಣಿತ ಮಾತ್ರ ಜಿ, ಎ, ಯು, ಜಿ, ಇ. ಅವನು ಕಣ್ಣಿಗೆ ಕಂಡಂತೆಯೇ ‘ಪ್ರೆಷರ್ ಗೌಜ್’ ಎಂದು ಓದಿದನು. ಗೌಜು ಎಂದರೆ ಕನ್ನಡದಲ್ಲಿ ಗದ್ದಲವಷ್ಟೆ! ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು.

ಅಂದಿನಿಂದ ಆ ಹುಡುಗ ಬಾಯಿ ತೆರೆಯಲಿಲ್ಲ. ವರ್ಷದ ಕೊನೆಯ ಪ್ರಯೋಗ ಪರೀಕ್ಷೆಯಲ್ಲಿ ಅವನ ಅಳತೆಗಳು ಎಲ್ಲರಿಗಿಂತ ನಿಖರವಾಗಿದ್ದವು. ಆದರೆ ಮೌಖಿಕ ಪ್ರಶ್ನೆಗಳಿಗೆ ಮೌನವೇ ಉತ್ತರವಾಯಿತು. ಆಮೇಲೆ ಕರೆದು ಕೇಳಿದಾಗ ಅವನು ಹೇಳಿದುದು ಇಷ್ಟೆ: “ಉತ್ತರ ಗೊತ್ತಿತ್ತು ಸಾರ್. ಆ ಪದವನ್ನು ಹೇಗೆ ಹೇಳಬೇಕೋ ಗೊತ್ತಿರಲಿಲ್ಲ.”

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಾವೇ ಎಂ.ಎಸ್‌ಸಿ. ಮುಗಿಸುವವರೆಗೂ ‘ನಿರ್ಧರಿಸು’ ಎಂಬರ್ಥದ ಪದವನ್ನು ‘ಡಿಟರ್‌ಮೈನ್’ ಎನ್ನುತ್ತಿದ್ದವರು. ಅದು ‘ಡಿಟರ್‌ಮಿನ್’ ಎಂದು ತಿಳಿದುದು ಹಿರಿಯ ಸಹೋದ್ಯೋಗಿಯೊಬ್ಬರು ಗುಟ್ಟಾಗಿ ತಿದ್ದಿದ ಮೇಲೆ. ಇಂಗ್ಲಿಷ್ ಪದಗಳು ಕಾಗುಣಿತದಂತೆ ಏಕೆ ನುಡಿಯುವುದಿಲ್ಲ? ಕನ್ನಡಿಗರ ನಾಲಗೆ ಯಾವ ಯಾವ ಎಡೆಗಳಲ್ಲಿ ಎಡವುತ್ತದೆ? ಅದಕ್ಕೆ ಪರಿಹಾರವೇನು? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸೋಣ. ಇಂಗ್ಲಿಷಿಗೆ ಮಾತ್ರವೇ ಇರುವ ಕೆಲವು ಧ್ವನಿಗಳನ್ನು ಸೂಚಿಸಲು ಅಕ್ಷರದ ಕೆಳಗೆ ಚುಕ್ಕೆಯಿಟ್ಟು ‘ಫ಼’, ‘ಜ಼’ ಎಂದು ಬರೆಯುತ್ತೇವೆ. ಅವುಗಳ ವಿವರಣೆ ಮುಂದೆ ಬರುವುದು.

ಲಿಪಿ ನಿಂತಿತು, ನುಡಿ ನಡೆಯಿತು

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಕ, ಚ, ಟ, ತ, ಪ ಎಂಬ ವರ್ಗಗಳು ಗಂಟಲಿನಿಂದ ಆರಂಭಿಸಿ ತುಟಿಯವರೆಗೆ, ಧ್ವನಿ ಹುಟ್ಟುವ ಸ್ಥಾನವನ್ನು ಅನುಸರಿಸಿ ಸಾಲಾಗಿ ನಿಂತಿವೆ. ಇದು ಪ್ರಾಚೀನ ಭಾರತದ ಧ್ವನಿಶಾಸ್ತ್ರಜ್ಞರ ಕೊಡುಗೆ. ಇಂಗ್ಲಿಷಿಗಾದರೋ ಲಿಪಿಯಲ್ಲಿ ಇರುವುದು 26 ಅಕ್ಷರ. ನುಡಿಯಲ್ಲಿ ಇರುವುದು, ಬ್ರಿಟನ್ನಿನ ಶಿಷ್ಟ ಉಚ್ಚಾರದ ಲೆಕ್ಕದಂತೆ, ಸುಮಾರು 44 ಧ್ವನಿ. ಅವುಗಳಲ್ಲಿ ಸ್ವರಗಳೇ 20. ಐದು ಸ್ವರಾಕ್ಷರಗಳು ಇಪ್ಪತ್ತು ಸ್ವರಗಳ ಭಾರವನ್ನು ಹೊರಬೇಕಾಗಿದೆ. ತೊಡಕಿನ ಮೊದಲ ಕಾರಣ ಇದು.

ಎರಡನೆಯದು ಇತಿಹಾಸಕ್ಕೆ ಸೇರಿದ್ದು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ತೆರೆದನು. ಮುದ್ರಣ ಹಬ್ಬಿದಂತೆ ಕಾಗುಣಿತವು ಕ್ರಮೇಣ ಸ್ಥಿರವಾಗುತ್ತ ಬಂದಿತು. ಆದರೆ ಸರಿಸುಮಾರು 1400ರಿಂದ 1700ರವರೆಗಿನ ಅವಧಿಯಲ್ಲಿಯೇ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಸ್ಥಾನಗಳನ್ನು ಬದಲಾಯಿಸಿಕೊಂಡವು. ಭಾಷಾಶಾಸ್ತ್ರಜ್ಞರು ಇದನ್ನು ಮಹಾಸ್ವರಪಲ್ಲಟ ಎನ್ನುತ್ತಾರೆ. ಹೆಸರು ಎಂಬರ್ಥದ ‘ನೇಮ್’ ಆ ಮೊದಲು ‘ನಾಮ’ ಎಂಬುದಕ್ಕೆ ಬಹಳ ಹತ್ತಿರವಾಗಿ ನುಡಿಯುತ್ತಿತ್ತು. ಸಂಸ್ಕೃತದ ನಾಮವೂ ಅದೂ ಒಂದೇ ಮೂಲದ ಪದಗಳೆಂಬುದು ಆಗ ಕಿವಿಗೇ ತಿಳಿಯುವಂತಿತ್ತು. ‘ಟೈಮ್’ ಎಂಬುದು ‘ಟೀಮ’ ಎಂಬಂತೆಯೂ, ‘ಹೌಸ್’ ಎಂಬುದು ‘ಹೂಸ್’ ಎಂಬಂತೆಯೂ ಇದ್ದವು. ನುಡಿ ಮುಂದೆ ಸಾಗಿತು. ಕಾಗುಣಿತ ಹಿಂದೆಯೇ ಉಳಿಯಿತು.

ನುಡಿಯದ ಅಕ್ಷರಗಳ ಕಥೆಯೂ ಇಂಥದೇ. ಚಾಕು ಎಂಬರ್ಥದ ‘ನೈಫ಼್’, ತಿಳಿ ಎಂಬರ್ಥದ ‘ನೋ’ ಪದಗಳ ಮೊದಲಿಗೆ ಬರುವ ಕೆ ಅಕ್ಷರವನ್ನು ಒಂದು ಕಾಲದಲ್ಲಿ ನಿಜವಾಗಿಯೂ ನುಡಿಯುತ್ತಿದ್ದರು. ರಾತ್ರಿ ಎಂಬರ್ಥದ ‘ನೈಟ್’ ಪದದ ನಡುವಿನ ಜಿ, ಎಚ್ ಎಂಬ ಜೋಡಿ ಅಕ್ಷರ ಗಂಟಲಿನ ಬಳಿ ಉಜ್ಜಿ ಬರುವ ಹಕಾರದಂತಹ ಧ್ವನಿಯನ್ನು ಸೂಚಿಸುತ್ತಿತ್ತು. ಜರ್ಮನ್ ಭಾಷೆಯ ‘ನಾಖ್ಟ್’ ಎಂಬ ಪದದಲ್ಲಿ ಅದು ಇಂದಿಗೂ ಜೀವಂತವಾಗಿದೆ. ಇವು ಸತ್ತ ಧ್ವನಿಗಳ ಪಳೆಯುಳಿಕೆಗಳು.

ಇನ್ನು ಕೆಲವು ಅಕ್ಷರಗಳು ಪಂಡಿತರು ತಂದು ಸೇರಿಸಿದವು. ಸಾಲ ಎಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಬಕಾರವಿದೆಯಲ್ಲ ಎಂದು ವಿದ್ವಾಂಸರು ಅದನ್ನು ಬರೆಹದಲ್ಲಿ ತೂರಿಸಿದರು. ಸಂದೇಹವೆಂಬ ಅರ್ಥದ ‘ಡೌಟ್’ ಪದದ ಬಿ, ರಸೀದಿ ಎಂಬರ್ಥದ ‘ರಿಸೀಟ್’ ಪದದ ಪಿ ಇಂಥವೇ. ದ್ವೀಪವೆಂಬ ಅರ್ಥದ ‘ಐಲಂಡ್’ ಪದದ ಎಸ್ ಅಂತೂ ಅಪ್ಪಟ ತಪ್ಪಿನಿಂದ ಬಂದುದು: ಲ್ಯಾಟಿನ್ ಮೂಲದ ಬೇರೊಂದು ಪದವನ್ನು ನೋಡಿ, ಅಚ್ಚ ಇಂಗ್ಲಿಷ್ ಪದಕ್ಕೆ ಅದನ್ನು ಅಂಟಿಸಿಬಿಟ್ಟರು. ಈ ಅಕ್ಷರಗಳನ್ನು ಜನ ಎಂದೂ ನುಡಿಯಲಿಲ್ಲ.

ಹಾಗೆಂದು ನಾವು ನಗುವಂತಿಲ್ಲ. ಕನ್ನಡದಲ್ಲಿಯೂ ಬರೆದಂತೆ ನುಡಿಯದ ಎಡೆಗಳಿವೆ. ಶಕಾರ ಷಕಾರಗಳನ್ನು ಮಾತಿನಲ್ಲಿ ಬೇರ್ಪಡಿಸುವವರು ವಿರಳ. ಋಷಿಯನ್ನು ರುಷಿ ಎನ್ನುತ್ತೇವೆ. ಇಷ್ಟೇಕೆ, ‘ವಿಜ್ಞಾನ’ ಎಂದು ಬರೆದು ‘ವಿಗ್ನಾನ’ ಎಂದು ಓದುವವರಲ್ಲವೆ ನಾವು?

ಗಂಟಲೆಂಬ ಅನುರಣನ ನಳಿಕೆ

ಈಗ ಭೌತವಿಜ್ಞಾನದ ಕಡೆಗೆ ತುಸು ಹೊರಳೋಣ. ಶ್ವಾಸಕೋಶದಿಂದ ಬರುವ ಗಾಳಿ ಧ್ವನಿತಂತುಗಳನ್ನು ಕಂಪಿಸುತ್ತದೆ. ಗಂಡಸರಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 100ರಿಂದ 130, ಹೆಂಗಸರಲ್ಲಿ ಸುಮಾರು 200. ಆದರೆ ತಂತುಗಳು ಕೊಡುವುದು ಬರಿಯ ಝೇಂಕಾರ. ಅದನ್ನು ಅ, ಇ, ಉ ಎಂಬ ಬೇರೆ ಬೇರೆ ಸ್ವರಗಳನ್ನಾಗಿ ಮಾಡುವುದು ಅವುಗಳ ಮೇಲಿರುವ ಗಂಟಲು ಮತ್ತು ಬಾಯಿಯ ನಳಿಕೆ. ನಾಲಗೆ ತುಟಿಗಳು ಸರಿದಾಡಿ ನಳಿಕೆಯ ಆಕಾರವನ್ನು ಬದಲಿಸಿದಂತೆ ಕೆಲವು ಆವೃತ್ತಿಗಳು ಪುಷ್ಟಿಗೊಳ್ಳುತ್ತವೆ, ಉಳಿದವು ಕುಗ್ಗುತ್ತವೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಶಬ್ದಾನುಭವವನ್ನು ಕುರಿತ ಗ್ರಂಥದಲ್ಲಿ ಸ್ವರಗಳಿಗೂ ಅನುರಣನಕ್ಕೂ ಇರುವ ಸಂಬಂಧವನ್ನು ವಿಸ್ತಾರವಾಗಿ ವಿವರಿಸಿದನು.

ವಾಚಕರು ಇದನ್ನು ಈಗಲೇ ಪರೀಕ್ಷಿಸಬಹುದು. ಈ, ಆ, ಊ ಎಂಬ ಸ್ವರಗಳನ್ನು ಪಿಸುಮಾತಿನಲ್ಲಿ ಒಂದರ ಹಿಂದೆ ಒಂದರಂತೆ ಹೇಳಿರಿ. ಪಿಸುಮಾತಿನಲ್ಲಿ ಧ್ವನಿತಂತುಗಳು ಕಂಪಿಸುವುದಿಲ್ಲ. ಆದರೂ ಶ್ರುತಿ ಮೇಲಿನಿಂದ ಕೆಳಕ್ಕೆ ಇಳಿದಂತೆ ಕೇಳುವುದು. ಹಾಗೆ ಕೇಳುವುದು ನಳಿಕೆಯ ಅನುರಣನವೇ ಸರಿ.

ಇಂಗ್ಲಿಷಿನಲ್ಲಿ ಅತಿ ಹೆಚ್ಚಾಗಿ ಬಳಕೆಯಾಗುವ ಸ್ವರ ಯಾವುದು? ಎ ಅಲ್ಲ, ಇ ಅಲ್ಲ, ಓ ಅಲ್ಲ. ತನ್ನದೇ ಆದ ಅಕ್ಷರವೇ ಇಲ್ಲದ ಒಂದು ಸಡಿಲ ಸ್ವರ. ನಾಲಗೆಯನ್ನು ಎಲ್ಲಿಗೂ ಎತ್ತದೆ, ತುಟಿಯನ್ನು ದುಂಡಾಗಿಸದೆ, ಕನ್ನಡದ ಹ್ರಸ್ವ ಅಕಾರವನ್ನು ಅರೆಮನಸ್ಸಿನಿಂದ ಹೇಳಿದರೆ ಆ ಸ್ವರ ಬರುತ್ತದೆ. ಆಗ ಬಾಯಿಯ ನಳಿಕೆ ಹೆಚ್ಚುಕಡಮೆ ಒಂದೇ ಅಗಲದ ಕೊಳವೆಯಾಗಿರುತ್ತದೆ; ಧ್ವನಿತಂತುಗಳ ಕಡೆ ಮುಚ್ಚಿದೆ, ತುಟಿಗಳ ಕಡೆ ತೆರೆದಿದೆ. ವಯಸ್ಕ ಗಂಡಸರಲ್ಲಿ ಅದರ ಉದ್ದ ಸುಮಾರು 17 ಸೆಂಟಿಮೀಟರ್. ಒಂದು ತುದಿ ಮುಚ್ಚಿದ ನಳಿಕೆಯಲ್ಲಿ ಮೊದಲ ಅನುರಣನದ ತರಂಗದೂರ ನಳಿಕೆಯ ಉದ್ದದ ನಾಲ್ಕರಷ್ಟು, ಅಂದರೆ 68 ಸೆಂಟಿಮೀಟರ್. ಶಬ್ದದ ವೇಗವನ್ನು ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ ಆವೃತ್ತಿ 500. ಮುಂದಿನವು ಇದರ ಮೂರರಷ್ಟು ಮತ್ತು ಐದರಷ್ಟು: 1500, 2500. ಈ ಸ್ವರವನ್ನು ಉಪಕರಣಗಳಿಂದ ಅಳೆದಾಗ ದೊರೆಯುವ ಆವೃತ್ತಿಗಳೂ ಇವುಗಳ ಆಸುಪಾಸಿನವೇ. ಕಾಲೇಜಿನ ಪ್ರಯೋಗಾಲಯದಲ್ಲಿ ಶ್ರುತಿಕವೆಯನ್ನು ಹಿಡಿದು ನೀರಿನ ನಳಿಕೆಯ ಮುಂದೆ ನಿಂತಾಗ ಮಾಡುವ ಲೆಕ್ಕವೇ ಇದು!

ನಾವು ಎಡವುವುದು ಸರಿಯಾಗಿ ಈ ಸುಲಭ ಸ್ವರದಲ್ಲಿಯೇ. ಕಾಗುಣಿತದಲ್ಲಿ ಇ ಕಂಡರೆ ಎಕಾರವನ್ನೂ, ಓ ಕಂಡರೆ ಓಕಾರವನ್ನೂ ತುಂಬುಕಂಠದಿಂದ ನುಡಿಯುತ್ತೇವೆ. ಪ್ರಯೋಗವೆಂಬ ಅರ್ಥದ ಪದ ‘ಎಕ್ಸ್‌ಪೆರಿಮೆಂಟ್’ ಅಲ್ಲ, ‘ಇಕ್ಸ್‌ಪೆರಿಮಂಟ್’. ಮೂಲವಸ್ತು ‘ಎಲಿಮಂಟ್’. ವಿಭವ ‘ಪೊಟೆನ್ಶಿಯಲ್’ ಅಲ್ಲ, ‘ಪಟೆನ್ಶಲ್’. ಹೀಗೆ ಒತ್ತಿಲ್ಲದ ಎಡೆಗಳಲ್ಲಿ ನಾಲಗೆಯನ್ನು ಸಡಿಲ ಬಿಟ್ಟರೆ ಅರ್ಧ ಕೆಲಸ ಆದಂತೆ.

ಮಾತ್ರೆಯ ಭಾಷೆ, ಒತ್ತಿನ ಭಾಷೆ

ಒತ್ತು ಎಂದೆವು. ಇದನ್ನು ವಿವರಿಸಬೇಕು. ಕನ್ನಡದ ಲಯ ಮಾತ್ರೆಗೆ ಸೇರಿದ್ದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಯಾವ ಅಕ್ಷರವೂ ತನ್ನ ಪಾಲಿನ ಕಾಲವನ್ನು ಕಳೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಪ್ರತಿ ದೊಡ್ಡ ಪದಕ್ಕೂ ಒಂದು ಅಕ್ಷರ ಯಜಮಾನ. ಅದು ಉದ್ದವಾಗಿ, ಜೋರಾಗಿ, ಎತ್ತರದ ಶ್ರುತಿಯಲ್ಲಿ ಬರುವುದು. ಉಳಿದವು ಕುಗ್ಗಿ ಸಡಿಲವಾಗುವುವು. ಯಜಮಾನನ ಸ್ಥಾನ ತಪ್ಪಿದರೆ, ಉಳಿದ ಧ್ವನಿಗಳೆಲ್ಲ ಸರಿಯಾಗಿದ್ದರೂ ಕೇಳುವ ಇಂಗ್ಲಿಷನಿಗೆ ಪದ ತಿಳಿಯದೆ ಹೋಗಬಹುದು.

ಛಾಯಾಚಿತ್ರಕ್ಕೆ ಸಂಬಂಧಿಸಿದ ಮೂರು ಪದಗಳನ್ನು ನೋಡಿರಿ. ‘ಫ಼ೋಟಗ್ರಾಫ಼್’ ಎಂಬಲ್ಲಿ ಒತ್ತು ಮೊದಲ ಅಕ್ಷರದ ಮೇಲೆ. ‘ಫ಼ಟಾಗ್ರಫ಼ಿ’ ಎಂಬಲ್ಲಿ ಎರಡನೆಯದರ ಮೇಲೆ. ‘ಫ಼ೋಟಗ್ರ್ಯಾಫ಼ಿಕ್’ ಎಂಬಲ್ಲಿ ಮೂರನೆಯದರ ಮೇಲೆ. ಒತ್ತು ಸರಿದಂತೆಲ್ಲ ಸ್ವರಗಳೂ ಬದಲಾದುದನ್ನು ಗಮನಿಸಬೇಕು. ಇದರಲ್ಲಿ ಒಂದು ನಿಯಮವಿದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಅದು ಬಹು ಉಪಕಾರಿ.

‘ಇಕ್’ ಎಂದು ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಅಕ್ಷರದ ಮೇಲೆ: ಅಟಾಮಿಕ್ ಎಂಬಲ್ಲಿ ‘ಟಾ’, ಮ್ಯಾಗ್ನೆಟಿಕ್ ಎಂಬಲ್ಲಿ ‘ನೆ’, ಸೈಅಂಟಿಫ಼ಿಕ್ ಎಂಬಲ್ಲಿ ‘ಟಿ’. ‘ಇಟಿ’ ಎಂದು ಮುಗಿಯುವವಕ್ಕೂ ಇದೇ ನಿಯಮ: ವಲಾಸಿಟಿ ಎಂಬಲ್ಲಿ ‘ಲಾ’, ಡೆನ್ಸಿಟಿ ಎಂಬಲ್ಲಿ ‘ಡೆ’. ‘ಷನ್’ ಎಂದು ಮುಗಿಯುವವಕ್ಕೂ ಹೀಗೆಯೇ: ರೇಡಿಏಷನ್ ಎಂಬಲ್ಲಿ ‘ಏ’. ಶಾಸ್ತ್ರಗಳ ಹೆಸರಿನ ಕೊನೆಗೆ ಬರುವ ‘ಲಜಿ’, ‘ಗ್ರಫ಼ಿ’, ‘ಮಟ್ರಿ’ಗಳಲ್ಲಿಯೂ ಒತ್ತು ಅವುಗಳಿಗೆ ಮುಂಚಿನ ಅಕ್ಷರದ್ದು: ಬೈಆಲಜಿ, ಜಿಆಗ್ರಫ಼ಿ, ಜಿಆಮಟ್ರಿ, ಮೂರರಲ್ಲಿಯೂ ‘ಆ’. ಅಂಕಗಣಿತವೆಂಬ ಅರ್ಥದ ನಾಮಪದ ಮಾತ್ರ ‘ಇಕ್’ ನಿಯಮವನ್ನು ಮುರಿದು ಎರಡನೆಯ ಅಕ್ಷರವಾದ ‘ರಿ’ಯ ಮೇಲೆ ಒತ್ತನ್ನು ಇರಿಸಿಕೊಂಡಿದೆ.

ಕೆಲವು ಎರಡಕ್ಷರದ ಪದಗಳಲ್ಲಿ ಒತ್ತು ಮೊದಲಿಗಿದ್ದರೆ ನಾಮಪದ, ಕೊನೆಗಿದ್ದರೆ ಕ್ರಿಯಾಪದ. ದಾಖಲೆ ಎಂದಾಗ ‘ರೆಕಾರ್ಡ್’, ಮೊದಲಿಗೆ ಒತ್ತು. ದಾಖಲಿಸು ಎಂದಾಗ ‘ರಿಕಾರ್ಡ್’, ಕೊನೆಗೆ ಒತ್ತು. ಹೆಚ್ಚಳ, ಹೆಚ್ಚಿಸು ಎಂಬ ಅರ್ಥಗಳ ‘ಇನ್‌ಕ್ರೀಸ್’ ಪದಕ್ಕೂ ಇದು ಅನ್ವಯಿಸುತ್ತದೆ.

ಮೂರು ಮನೆಯ ಪ್ರಯೋಗಗಳು

ಒಂದು ಕಾಗದದ ಚೂರು, ಒಂದು ಕನ್ನಡಿ, ಎರಡು ಬೆರಳು: ಇಷ್ಟು ಉಪಕರಣಗಳಿದ್ದರೆ ಇಂಗ್ಲಿಷ್ ವ್ಯಂಜನಗಳ ಗುಟ್ಟು ತಿಳಿಯಬಹುದು.

ಮೊದಲನೆಯದು ಕಾಗದದ ಪ್ರಯೋಗ. ತೆಳುವಾದ ಕಾಗದದ ಪಟ್ಟಿಯೊಂದನ್ನು ತುಟಿಗಳ ಮುಂದೆ ಇಳಿಬಿಟ್ಟು ‘ಪದ’ ಎನ್ನಿರಿ. ಕಾಗದ ಹೆಚ್ಚಾಗಿ ಅಲುಗದು. ಇಂಗ್ಲಿಷರು ಗುಂಡುಸೂಜಿಗೆ ‘ಪಿನ್’ ಎಂದಾಗ ಕಾಗದ ಫಕ್ಕನೆ ಹಾರುತ್ತದೆ. ತುಟಿ ತೆರೆದ ಮೇಲೆ ಸ್ವರ ಮೊದಲಾಗುವ ಮುನ್ನ, ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಹೊತ್ತು, ಉಸಿರು ಮಾತ್ರ ಹೊರಬರುವುದು ಇದಕ್ಕೆ ಕಾರಣ. ಪದದ ಮೊದಲಿಗೆ ಒತ್ತಿನೊಂದಿಗೆ ಬರುವ ಪ, ಟ, ಕಗಳೆಲ್ಲ ಹೀಗೆ ಅರೆ ಮಹಾಪ್ರಾಣಗಳು. ಉಸಿರಿಲ್ಲದ ನಮ್ಮ ‘ಪಿನ್’ ಇಂಗ್ಲಿಷರ ಕಿವಿಗೆ ‘ಬಿನ್’ ಎಂದು ಕೇಳಿಸುವುದುಂಟು, ಅಂದರೆ ಡಬ್ಬಿ. ಹಿಂದೆ ಸಕಾರವಿದ್ದರೆ, ಗಿರಕಿ ಎಂಬರ್ಥದ ‘ಸ್ಪಿನ್’ ಪದದಲ್ಲಿರುವಂತೆ, ಈ ಉಸಿರು ಇರುವುದಿಲ್ಲ, ಕಾಗದ ಅಲುಗುವುದಿಲ್ಲ.

ಎರಡನೆಯದು ಕನ್ನಡಿಯ ಪ್ರಯೋಗ. ಕನ್ನಡದ ವಕಾರ ಇಂಗ್ಲಿಷಿನ ಎರಡು ಧ್ವನಿಗಳ ನಡುವೆ ನಿಂತಿದೆ. ವಿ ಅಕ್ಷರದ ಧ್ವನಿಗೆ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಿ ಗಾಳಿ ಉಜ್ಜಬೇಕು. ಡಬ್ಲ್ಯೂ ಅಕ್ಷರದ ಧ್ವನಿಗೆ ಹಲ್ಲು ಎಲ್ಲಿಯೂ ಮುಟ್ಟಬಾರದು. ತುಟಿಗಳು ಊಕಾರದಂತೆ ದುಂಡಾಗಿ ತೆರೆದುಕೊಳ್ಳಬೇಕು. ತರಂಗವೆಂಬ ಅರ್ಥದ ‘ವೇವ್’ ಪದದಲ್ಲಿ ಎರಡೂ ಇವೆ: ಮೊದಲಿಗೆ ದುಂಡುತುಟಿ, ಕೊನೆಗೆ ಹಲ್ಲುತುಟಿ. ಕನ್ನಡಿಯ ಮುಂದೆ ಇದನ್ನು ಹತ್ತು ಸಲ ಹೇಳಿದರೆ ಭೇದ ಕೈವಶವಾಗುತ್ತದೆ. ಫ಼ ಎಂಬುದು ಇದೇ ಹಲ್ಲುತುಟಿಯ ಸ್ಥಾನದಲ್ಲಿ ಹುಟ್ಟುವ ಅಘೋಷ ಧ್ವನಿ. ಫಲವೆಂಬ ಪದದ ಫಕಾರದಂತೆ ಎರಡು ತುಟಿ ಮುಚ್ಚಿ ಸಿಡಿಯುವುದಲ್ಲ. ಇನ್ನು ಟಿ, ಎಚ್ ಸೇರಿದಾಗಿನ ಧ್ವನಿಗೆ ನಾಲಗೆಯ ತುದಿ ಹಲ್ಲುಗಳ ನಡುವೆ ಕನ್ನಡಿಯಲ್ಲಿ ಕಾಣಬೇಕು. ಗಾಳಿ ತಡೆಯಿಲ್ಲದೆ ಹರಿಯಬೇಕು. ‘ಥಿಅರಿ’, ‘ಥರ್ಮಲ್’ ಎಂಬುವು ನಮ್ಮ ಬಾಯಲ್ಲಿ ತಕಾರವಾಗುವುದು, ನಾಲಗೆ ಹಲ್ಲಿನ ಹಿಂದೆ ಗಾಳಿಯನ್ನು ತಡೆದುಬಿಡುವುದರಿಂದ.

ಮೂರನೆಯದು ಬೆರಳಿನ ಪ್ರಯೋಗ. ಗಂಟಲಿನ ಮೇಲೆ ಎರಡು ಬೆರಳಿಟ್ಟು ‘ಸ್‌ಸ್‌ಸ್’ ಎನ್ನಿರಿ, ಕಂಪನವಿಲ್ಲ. ನಾಲಗೆಯನ್ನು ಕದಲಿಸದೆ ಗಂಟಲನ್ನು ಗುಂಯ್ಗುಡಿಸಿರಿ; ಬೆರಳಿಗೆ ಕಂಪನ ತಿಳಿಯುತ್ತದೆ, ಬಾಯಿಂದ ‘ಜ಼್‌ಜ಼್‌ಜ಼್’ ಎಂಬ ದುಂಬಿಯ ಸದ್ದು ಬರುತ್ತದೆ. ಇದು ಜಕಾರವಲ್ಲ, ಘೋಷವಾದ ಸಕಾರ. ಸೊನ್ನೆ ‘ಜ಼ಿಅರೋ’. ನಮ್ಮ ಶಾಸ್ತ್ರದ ಹೆಸರಿನಲ್ಲಿಯೇ ಈ ಧ್ವನಿ ಅಡಗಿದೆ: ‘ಫಿಸಿಕ್ಸ್’ ಅಲ್ಲ, ‘ಫ಼ಿಜ಼ಿಕ್ಸ್’. ಮಸೂರವೂ ‘ಲೆನ್ಸ್’ ಅಲ್ಲ, ‘ಲೆನ್ಜ಼್’.

ಘೋಷಾಘೋಷದ ಈ ಭೇದ ತಿಳಿದವರಿಗೆ ಇನ್ನೊಂದು ತೊಡಕು ತಾನಾಗಿಯೇ ಬಿಡಿಸಿಕೊಳ್ಳುವುದು. ಭೂತಕಾಲದ ಇ, ಡಿ ಪ್ರತ್ಯಯವನ್ನು ನಾವು ಎಲ್ಲೆಡೆಯೂ ‘ಎಡ್’ ಎಂದು ಓದಿ ‘ವರ್ಕೆಡ್’, ‘ಸ್ಟಾಪೆಡ್’ ಎನ್ನುತ್ತೇವೆ. ನಿಜವಾದ ಕ್ರಮ ಹೀಗಿದೆ: ಧಾತುವಿನ ಕೊನೆಗೆ ಟ ಅಥವಾ ಡ ಧ್ವನಿಯಿದ್ದರೆ ‘ಇಡ್’, ಉದಾಹರಣೆಗೆ ಕಾಯಿಸಿದ ಎಂಬರ್ಥದ ‘ಹೀಟಿಡ್’, ಬೇರೆ ಅಘೋಷ ಧ್ವನಿಯಿದ್ದರೆ ‘ಟ್’, ಉದಾಹರಣೆಗೆ ‘ವರ್ಕ್ಟ್’, ‘ಸ್ಟಾಪ್ಟ್’, ಘೋಷ ಧ್ವನಿಯೋ ಸ್ವರವೋ ಇದ್ದರೆ ‘ಡ್’, ಉದಾಹರಣೆಗೆ ತಣಿಸಿದ ಎಂಬರ್ಥದ ‘ಕೂಲ್ಡ್’. ಇದು ವಿಚಿತ್ರವೆನಿಸಬೇಕಾಗಿಲ್ಲ. ಮಳೆ, ಕಾಲ ಸೇರಿ ಮಳೆಗಾಲವಾಗುವಾಗ ಅಘೋಷವಾದ ಕಕಾರ ನೆರೆಯ ಧ್ವನಿಗಳಿಗೆ ಹೊಂದಿಕೊಂಡು ಘೋಷವಾದ ಗಕಾರವಾಗುತ್ತದೆ. ನಮ್ಮ ಆದೇಶಸಂಧಿಯಲ್ಲಿ ನಡೆಯುವ ಹೊಂದಾಣಿಕೆಯೇ ಅಲ್ಲಿಯೂ ನಡೆದಿದೆ.

ಕನ್ನಡದ ಅಭ್ಯಾಸಬಲ

ಕನ್ನಡಿಗರಲ್ಲಿ ಎದ್ದು ಕಾಣುವ ಎರಡು ಅಭ್ಯಾಸಗಳುಂಟು. ಪದದ ಮೊದಲ ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಸೇರಿಸುವುದು ಮೊದಲನೆಯದು. ‘ಎಲ್ಲ’ ಎಂದು ಬರೆದು ‘ಯೆಲ್ಲ’ ಎನ್ನುತ್ತೇವೆ; ‘ಒಂದು’ ಎಂದು ಬರೆದು ‘ವೊಂದು’ ಎನ್ನುತ್ತೇವೆ. ಇದರಿಂದಾಗಿ ಇಂಗ್ಲಿಷಿನ ‘ಎಂ’ ಅಕ್ಷರ ‘ಯೆಂ’ ಆಗುತ್ತದೆ, ರೋಧದ ಏಕಮಾನವಾದ ‘ಓಮ್’ ‘ವೋಮ್’ ಆಗುತ್ತದೆ. ಸ್ವರವನ್ನು ಹೇಳುವ ಮುನ್ನ ಬಾಯಿಯನ್ನು ಅದರ ಆಕಾರಕ್ಕೆ ಸಿದ್ಧಪಡಿಸಿಕೊಂಡು ಬಳಿಕ ಧ್ವನಿಯನ್ನು ಬಿಟ್ಟರೆ ಈ ದೋಷ ನೀಗುವುದು.

ಕನ್ನಡದ ಪದಗಳು ಸ್ವರದಿಂದ ಕೊನೆಗೊಳ್ಳಲು ಬಯಸುತ್ತವೆ. ಆದುದರಿಂದ ಬಸ್ಸು, ಕಾರು, ಬಲ್ಬು, ಪಂಪು. ಇದು ಎರಡನೆಯದು. ಕನ್ನಡ ವಾಕ್ಯದಲ್ಲಿ ಇವು ತಪ್ಪೇ ಅಲ್ಲ. ನಮ್ಮ ಮನೆಗೆ ಬಂದ ಪದ ನಮ್ಮ ಉಡುಪನ್ನು ತೊಟ್ಟಿದೆ, ಅಷ್ಟೆ. ಇಂಗ್ಲಿಷರೂ ಹಾಗೆಯೇ ಮಾಡಿದವರು. ಮೈಸೂರನ್ನು ‘ಮೈಸೋರ್’ ಎಂದರು, ತಮಿಳಿನ ಕಟ್ಟುಮರವನ್ನು ‘ಕ್ಯಾಟಮರಾನ್’ ಎಂದರು. ಇಂಗ್ಲಿಷ್ ವಾಕ್ಯದ ನಡುವೆ ಮಾತ್ರ ಕೊನೆಯ ಉಕಾರವನ್ನು ಬಿಟ್ಟರಾಯಿತು.

ನಿಯಮವೆಂಬ ನಿಯಮವೆಂಬುದಿಲ್ಲವೆ?

ಪದದ ಊರು ತಿಳಿದರೆ ಉಚ್ಚಾರವನ್ನು ಎಷ್ಟೋ ಸಲ ಊಹಿಸಬಹುದು. ಸಿ, ಎಚ್ ಎಂಬ ಜೋಡಿಯನ್ನೇ ನೋಡೋಣ. ಅಚ್ಚ ಇಂಗ್ಲಿಷಿನಲ್ಲಿ ಬೇರೂರಿದ ಪದಗಳಲ್ಲಿ ಅದು ಚಕಾರ: ಸೀಮೆಸುಣ್ಣ ‘ಚಾಕ್’, ಇಲ್ಲಿ ಎಲ್ ಮೌನ. ಈಚಿನ ಫ್ರೆಂಚ್ ಪದಗಳಲ್ಲಿ ಷಕಾರ: ಯಂತ್ರ ‘ಮಷೀನ್’. ಗ್ರೀಕ್ ಮೂಲದವುಗಳಲ್ಲಿ ಕಕಾರ: ರಸಾಯನಶಾಸ್ತ್ರ ‘ಕೆಮಿಸ್ಟ್ರಿ’, ಪ್ರತಿಧ್ವನಿ ‘ಎಕೋ’, ವೃತ್ತದ ಜ್ಯಾ ‘ಕಾರ್ಡ್’, ಅವ್ಯವಸ್ಥೆ ‘ಕೇಆಸ್’. ವಿಜ್ಞಾನದ ಪರಿಭಾಷೆ ಬಹುಮಟ್ಟಿಗೆ ಗ್ರೀಕಿನದಾದುದರಿಂದ, ಸಂದೇಹ ಬಂದಾಗ ಕಕಾರವನ್ನು ಹಿಡಿಯುವುದು ಲಾಭಕರ. ಗ್ರೀಕ್ ಪದಗಳ ಮೊದಲಿಗೆ ಪಿ, ಎಸ್ ಅಥವಾ ಪಿ, ಎನ್ ಬಂದರೆ ಪಿ ಮೌನ: ಮನಶ್ಶಾಸ್ತ್ರ ‘ಸೈಕಾಲಜಿ’, ಗಾಳಿಯೊತ್ತಡದ ಯಂತ್ರಗಳ ವಿಶೇಷಣ ‘ನ್ಯೂಮ್ಯಾಟಿಕ್’.

ನಿಯಮಕ್ಕೆ ಬಗ್ಗದವೂ ಇವೆ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳ ಕೂಟ ಒರಟು ಎಂಬಲ್ಲಿ ‘ರಫ಼್’, ಕೆಮ್ಮು ಎಂಬಲ್ಲಿ ‘ಕಾಫ಼್’, ಮೂಲಕ ಎಂಬಲ್ಲಿ ‘ಥ್ರೂ’, ಕೊಂಬೆ ಎಂಬಲ್ಲಿ ‘ಬೌ’, ಆದರೂ ಎಂಬಲ್ಲಿ ‘ದೋ’ ಎಂದು ಐದು ವೇಷ ತಾಳುತ್ತದೆ. ಇಂಥವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ನಮ್ಮ ತರಗತಿಗಳಲ್ಲಿ ಪದೇ ಪದೇ ಎದುರಾಗುವ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ:

ಎತ್ತರ: ಹೈಟ್. ತೂಕ: ವೇಟ್. ಕಾಗುಣಿತ ಹೆಚ್ಚುಕಡಮೆ ಒಂದೇ, ಸ್ವರ ಬೇರೆ.

ನಿರ್ಧರಿಸು: ಡಿಟರ್‌ಮಿನ್. ಪರೀಕ್ಷಿಸು: ಇಗ್‌ಜ಼್ಯಾಮಿನ್. ಆದರೆ ನಿರೂಪಿಸು ಎಂಬರ್ಥದ್ದು ಡಿಫ಼ೈನ್, ಸಂಯೋಗಗೊಳ್ಳು ಎಂಬರ್ಥದ್ದು ಕಂಬೈನ್.

ಕಬ್ಬಿಣ: ಅಯನ್. ‘ಐರನ್’ ಅಲ್ಲ.

ವಾಹನ: ವೀಇಕಲ್. ನಡುವಿನ ಎಚ್ ಬ್ರಿಟನ್ನಿನಲ್ಲಿ ಮೌನ.

ನಿಯಮ: ‘ಲಾ’ ಅಲ್ಲ, ‘ಲೋ’ ಅಲ್ಲ, ಆಕಾರಕ್ಕೆ ಬಾಯಿ ತೆರೆದು ತುಟಿಯನ್ನು ತುಸು ದುಂಡಾಗಿಸಿದಾಗ ಬರುವ ನಡುವಿನ ಸ್ವರ.

ತೇಲುವಿಕೆ: ಬಾಯನ್ಸಿ.

ಪರಮಾಣುಬೀಜದ ವಿಶೇಷಣ: ನ್ಯೂಕ್ಲಿಯರ್. ಇದನ್ನು ‘ನ್ಯೂಕ್ಯುಲರ್’ ಎನ್ನುವುದು ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್, ಜಾರ್ಜ್ ಡಬ್ಲ್ಯೂ. ಬುಷ್ ಅವರನ್ನೂ ಬಿಟ್ಟಿರಲಿಲ್ಲ!

ಬುಧವಾರ: ವೆನ್ಜ಼್‌ಡೇ. ವೋಡನ್ ಎಂಬ ಹಳೆಯ ದೇವತೆಯ ದಿನವಾದುದರಿಂದ ಬರೆಹದಲ್ಲಿ ಡಿ ಉಳಿದಿದೆ.

ಕೆಲವು ಪದಗಳಿಗೆ ಎರಡು ಉಚ್ಚಾರಗಳೂ ಸಾಧು. ಸನ್ನೆಕೋಲು ಬ್ರಿಟನ್ನಿನಲ್ಲಿ ‘ಲೀವರ್’, ಅಮೆರಿಕದಲ್ಲಿ ಹೆಚ್ಚಾಗಿ ‘ಲೆವರ್’. ಪ್ರಯೋಗಾಲಯ ಬ್ರಿಟನ್ನಿನಲ್ಲಿ ‘ಲಬಾರಟ್ರಿ’, ಅಮೆರಿಕದಲ್ಲಿ ‘ಲ್ಯಾಬ್ರಟೋರಿ’. ಅಲ್ಯೂಮಿನಿಯಮನ್ನು ಅಮೆರಿಕನ್ನರು ‘ಅಲೂಮಿನಮ್’ ಎಂದರೆ ತಪ್ಪು ಹುಡುಕಬೇಕಾಗಿಲ್ಲ. ಹಂಫ್ರಿ ಡೇವಿಯೇ 1808ರಲ್ಲಿ ಒಂದು ಹೆಸರು ಸೂಚಿಸಿ, 1812ರಲ್ಲಿ ಅಮೆರಿಕನ್ನರು ಇಂದು ಬಳಸುವ ರೂಪವನ್ನು ಬರೆದನು.

ವಿಜ್ಞಾನಿಗಳ ಹೆಸರುಗಳು ಅವರವರ ನಾಡಿನ ರೀತಿಯನ್ನು ಅನುಸರಿಸುತ್ತವೆ. ಶಕ್ತಿಯ ಏಕಮಾನಕ್ಕೆ ಹೆಸರು ಕೊಟ್ಟ ಇಂಗ್ಲೆಂಡಿನವನು (1818–1889) ‘ಜೌಲ್’ ಅಲ್ಲ, ‘ಜೂಲ್’. ಬಾಸೆಲಿನಲ್ಲಿ ಹುಟ್ಟಿದ ಗಣಿತಜ್ಞ (1707–1783) ‘ಯೂಲರ್’ ಅಲ್ಲ, ‘ಆಯ್ಲರ್’. ದ್ರವ್ಯತರಂಗಗಳ ಕಲ್ಪನೆಗಾಗಿ 1929ರಲ್ಲಿ ನೊಬೆಲ್ ಪಾರಿತೋಷಿಕ ಪಡೆದ ಫ್ರೆಂಚ್ ವಿಜ್ಞಾನಿ ‘ಡಿ ಬ್ರೋಗ್ಲಿ’ ಅಲ್ಲ, ‘ದ ಬ್ರಾಯ್’.

ಯಾವುದು ತಪ್ಪು, ಯಾವುದು ಬರಿಯ ಭೇದ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿವೇಚನೆ ಅಗತ್ಯ. ನಾವೆಲ್ಲರೂ ಲಂಡನ್ನಿನವರಂತೆ ಮಾತನಾಡಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ‘ಕಾರ್’ ಎಂಬಲ್ಲಿ ಕೊನೆಯ ರೇಫವನ್ನು ಲಂಡನ್ನಿನವರು ಬಿಡುತ್ತಾರೆ. ಸ್ಕಾಟ್ಲೆಂಡಿನವರು, ಐರ್ಲೆಂಡಿನವರು, ಬಹುಪಾಲು ಅಮೆರಿಕನ್ನರು ನುಡಿಯುತ್ತಾರೆ. ನಾವೂ ನುಡಿಯುತ್ತೇವೆ. ನಮ್ಮ ಟಕಾರ ಡಕಾರಗಳಿಗೆ ನಾಲಗೆ ಹಿಂದಕ್ಕೆ ಮಡಚುತ್ತದೆ. ಇಂಗ್ಲಿಷರದು ಮೇಲಿನ ಒಸಡಿಗೆ ತಗಲುತ್ತದೆ. ಇದರಿಂದ ಅರ್ಥ ಕೆಡುವುದಿಲ್ಲ. ಮಾತನಾಡುವವನ ಊರು ತಿಳಿಯುವುದು, ಅಷ್ಟೆ. ಕೇಳುವವನಿಗೆ ಪದವೇ ತಿಳಿಯದಂತಾದರೆ, ಅಥವಾ ಒಂದು ಪದ ಇನ್ನೊಂದಾಗಿ ಕೇಳಿಸಿದರೆ, ಅದು ತಿದ್ದಿಕೊಳ್ಳಬೇಕಾದ ತಪ್ಪು. ಒತ್ತಿನ ಸ್ಥಾನ, ಸಡಿಲ ಸ್ವರ, ಎರಡು ವಕಾರಗಳ ಭೇದ, ಪದದ ಮೊದಲ ಉಸಿರು: ಈ ನಾಲ್ಕನ್ನು ಸಾಧಿಸಿದರೆ ಸಾಕು.

ಸಂದೇಹ ಬಂದಲ್ಲಿ ನಿಘಂಟು ನೋಡುವ ಅಭ್ಯಾಸ ಬೇಕು. ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದ ಇಂಗ್ಲಿಷ್ ಉಚ್ಚಾರ ನಿಘಂಟು ಈ ಬಗೆಯ ಗ್ರಂಥಗಳಲ್ಲಿ ಬಹುಕಾಲ ಪ್ರಮಾಣವಾಗಿತ್ತು. ಇಂದು ಕೈಯಲ್ಲಿರುವ ಮೊಬೈಲಿನ ನಿಘಂಟೇ ಪದವನ್ನು ನುಡಿದು ತೋರಿಸುತ್ತದೆ. ಒಮ್ಮೆ ಕೇಳಿ, ಒತ್ತು ಎಲ್ಲಿದೆಯೆಂದು ಗುರುತಿಸಿ, ಮೂರು ಬಾರಿ ಗಟ್ಟಿಯಾಗಿ ಹೇಳಬೇಕು. ಮನಸ್ಸಿನಲ್ಲಿ ಹೇಳಿಕೊಂಡರೆ ನಾಲಗೆ ಕಲಿಯುವುದಿಲ್ಲ.

ಅಧ್ಯಾಪಕ ಮಿತ್ರರಿಗೆ ಒಂದು ಬಿನ್ನಹ. ಆ ಪ್ರಸಂಗದ ತರುವಾಯ ನಾವು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಹೊಸ ಪಾರಿಭಾಷಿಕ ಪದವನ್ನು ಹಲಗೆಯ ಮೇಲೆ ಬರೆದೊಡನೆ ನಾವೇ ಎರಡು ಸಲ ನುಡಿದು, ಇಡೀ ತರಗತಿಯಿಂದ ಒಟ್ಟಾಗಿ ಹೇಳಿಸಿ, ಆ ಬಳಿಕವೇ ಅರ್ಥಕ್ಕೆ ಹೋಗುತ್ತೇವೆ. ಅರ್ಧ ನಿಮಿಷದ ಕೆಲಸ. ಎಲ್ಲರೂ ಒಟ್ಟಿಗೆ ಹೇಳುವುದರಿಂದ ಒಬ್ಬನ ತಪ್ಪು ಎದ್ದು ಕೇಳಿಸುವುದಿಲ್ಲ. ‘ಗೇಜ್’ ಬಂದಾಗ, ಅದನ್ನು ಕಂಡಂತೆ ಓದಿದರೆ ‘ಗೌಜ್’ ಎಂದೇ ಆಗುತ್ತದೆ, ಹಾಗೆ ಓದಿದವನು ನಮ್ಮ ಲಿಪಿಯ ನ್ಯಾಯವನ್ನು ಪಾಲಿಸಿದವನು ಎಂದು ಮೊದಲೇ ಹೇಳಿಬಿಡುತ್ತೇವೆ. ಈಗಲೂ ತರಗತಿ ನಗುತ್ತದೆ. ಆದರೆ ಪದದ ಕಾಗುಣಿತವನ್ನು ನೋಡಿ ನಗುತ್ತದೆ.